ನಿಶ್ಚಿತಾರ್ಥ ಆಗಿ ಒಂದೂವರೆ ವರ್ಷ ಆಯ್ತು, ಮದುವೆ ದಿನ ಗೊತ್ತು ಮಾಡೋಕೆ ಯಾರೂ ಬಾಯಿ ಬಿಡ್ತಿಲ್ಲ

ಅರಸೀಕೆರೆ ಟೀಚರ್:
ಎಲ್ಲರಿಗೂ ನಮಸ್ಕಾರ. 2024ರ ಶ್ರಾವಣದಲ್ಲಿ ನನ್ನ ನಿಶ್ಚಿತಾರ್ಥ ಆಯಿತು. ಹುಡುಗ ತುಮಕೂರಿನವರು, ಕಂದಾಯ ಇಲಾಖೆಯಲ್ಲಿ ಕೆಲಸ. ನಾನು ಇಲ್ಲೇ ಹಳ್ಳಿಯ ಸರ್ಕಾರಿ ಪ್ರೈಮರಿ ಶಾಲೆಯಲ್ಲಿದ್ದೇನೆ. ನಮ್ಮಿಬ್ಬರ ಮಧ್ಯೆ ಯಾವ ಮನಸ್ತಾಪವೂ ಇಲ್ಲ, ದಿನಾ ಮಾತಾಡುತ್ತೇವೆ. ಆದರೆ ಅವರ ಮನೆಯವರು 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ, "ಸೊಸೆ ಹೊಸ ಮನೆಗೇ ಬರಲಿ, ಗೃಹಪ್ರವೇಶ ಮುಗಿದ ಮೇಲೆ ಮದುವೆ" ಅಂತ ಅತ್ತೆಯವರ ಆಸೆ. ಮೊದಲು ಯುಗಾದಿ ಅಂದರು, ಆಮೇಲೆ ಗೌರಿ ಹಬ್ಬ ಅಂದರು. ದಸರಾ ರಜೆಯಲ್ಲಿ ಎರಡೂ ಮನೆಯವರು ಕೂತು ಮಾತಾಡೋಣ ಅಂದುಕೊಂಡಿದ್ದೆವು, ಆ ರಜೆ ಜಾತಿ ಸಮೀಕ್ಷೆ ಡ್ಯೂಟಿಯಲ್ಲೇ ಕಳೆದುಹೋಯಿತು. ಈಗ ಸಂಕ್ರಾಂತಿಯೂ ಮುಗಿಯಿತು, ಮನೆ ಇನ್ನೂ ಪ್ಲಾಸ್ಟರಿಂಗ್‌ನಲ್ಲೇ ನಿಂತಿದೆ, ಗಾರೆ ಮೇಸ್ತ್ರಿ ಬೇರೆ ಎಲ್ಲೋ ಕೆಲಸ ಹಿಡಿದಿದ್ದಾನಂತೆ.

ಇಲ್ಲಿ ಬಿಸಿಯೂಟದ ಅಕ್ಕನಿಂದ ಹಿಡಿದು ಎಲ್ಲರದೂ ಒಂದೇ ಪ್ರಶ್ನೆ, "ಟೀಚರ್, ಯಾವಾಗ ಊಟ ಹಾಕಿಸ್ತೀರಿ?" ಅದು ಹೋಗಲಿ, ಪತಿ-ಪತ್ನಿ ಪ್ರಕರಣ ಅಂತ ವರ್ಗಾವಣೆ ಕೇಳಬೇಕೆಂದರೂ ಮದುವೆ ಸರ್ಟಿಫಿಕೇಟ್ ಬೇಕಲ್ವಾ. ಅಪ್ಪ ಮಾತ್ರ "ಹೆಣ್ಣಿನ ಕಡೆಯವರು ಆತುರ ಮಾಡಿದ ಹಾಗೆ ಕಾಣುತ್ತೆ, ಸುಮ್ನಿರು" ಅನ್ನುತ್ತಾರೆ. ಸುಮ್ನಿರಬೇಕಾ, ಕೇಳಬೇಕಾ?

ಒಗ್ಗರಣೆ ಅಕ್ಕ:
ಕೇಳಮ್ಮ, ಧಾರಾಳವಾಗಿ ಕೇಳು. ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸಿಕೊಂಡಿದ್ದು ಎರಡೂ ಕಡೆಯವರು ತಾನೇ, ದಿನ ಕೇಳೋಕೆ ಒಂದು ಕಡೆಯವರು ಮಾತ್ರ ಯಾಕೆ ಹಿಂಜರಿಯಬೇಕು?

ಮೊದಲು ಪಂಚಾಂಗ ತೆಗೆದು ನೋಡಿ. ಈ 2026ರಲ್ಲಿ ಅಧಿಕ ಜ್ಯೇಷ್ಠ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ ಮದುವೆ ಇಲ್ಲ. ಆಮೇಲೆ ನಿಜ ಜ್ಯೇಷ್ಠ. ನೀವಿಬ್ಬರೂ ಮನೆಗೆ ಹಿರಿಯರಾಗಿದ್ದರೆ ಜ್ಯೇಷ್ಠದಲ್ಲಿ ಬೇಡ ಅಂತಾರೆ. ಜುಲೈ ಮಧ್ಯದಿಂದ ಆಷಾಢ, ಅದು ಮುಗಿಯೋದು ಆಗಸ್ಟ್ 12ಕ್ಕೆ. ಸೆಪ್ಟೆಂಬರ್ ಕೊನೆಗೆ ಪಿತೃಪಕ್ಷ. ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಹಿಡಿಯುತ್ತೆ. ಉಳಿದಿದ್ದು ಲೆಕ್ಕ ಹಾಕು: ವೈಶಾಖ, ಶ್ರಾವಣ, ದೀಪಾವಳಿ ಆದ ಮೇಲೆ ಕಾರ್ತಿಕ. ಅದು ಬಿಟ್ಟರೆ 2027ರ ಫೆಬ್ರವರಿಯ ಮಾಘವೇ. "ಮನೆ ಆಗಲಿ ನೋಡೋಣ" ಅಂದುಕೊಂಡು ಕೂತವರಿಗೆ ಒಂದು ಮಾಸ ತಪ್ಪಿದರೆ ನಾಲ್ಕು ತಿಂಗಳು ಹೋಯಿತು ಅನ್ನೋದು ತಲೆಗೇ ಹೋಗೋದಿಲ್ಲ. ಮೇಸ್ತ್ರಿಗೆ ಆಷಾಢ ಇಲ್ಲ, ನಿಮಗಿದೆ.

ಗುಬ್ಬಿ ಮಾವ:
ನಾನು ಸ್ವಲ್ಪ ಕಹಿ ಮಾತು ಹೇಳ್ತೀನಿ ಮಗಳೇ, ಬೇಜಾರು ಮಾಡ್ಕೋಬೇಡ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ನಿಮ್ಮ ಮಾವನವರು ಎರಡನ್ನೂ ಒಂದೇ ಜೇಬಿನಿಂದ ಮಾಡಹೊರಟಿದ್ದಾರೆ. ಪ್ಲಾಸ್ಟರಿಂಗ್ ಹಂತದಲ್ಲಿ ಕೆಲಸ ನಿಂತಿದೆ ಅಂದರೆ ಮೇಸ್ತ್ರಿ ಓಡಿಹೋಗಿದ್ದೇ ಕಾರಣ ಅಂತ ನನಗನ್ನಿಸಲ್ಲ. ಮನೆ ಸಾಲ ಕೆಲಸ ಆದ ಹಾಗೆ ಕಂತುಕಂತಾಗಿ ಬಿಡುಗಡೆ ಆಗೋದು, ಟೈಲ್ಸು, ಮರಗೆಲಸ, ಬಣ್ಣಕ್ಕೆ ಬರುವಾಗ ಅಂದಾಜು ಮೀರಿ ಕೈಯಿಂದ ಹಾಕಬೇಕಾಗುತ್ತೆ. ದುಡ್ಡು ಸಾಲುತ್ತಿಲ್ಲ ಅಂತ ಬೀಗರ ಮುಂದೆ ಹೇಳೋಕೆ ಯಾವ ಯಜಮಾನನಿಗೂ ಬಾಯಿ ಬರಲ್ಲ. ಅದಕ್ಕೇ "ಗೃಹಪ್ರವೇಶ ಆಗಲಿ" ಅನ್ನೋದು.

ಹಾಗಾಗಿ ದಿನ ಯಾವುದು ಅಂತ ಕೇಳೋಕೆ ಮುಂಚೆ ಖರ್ಚು ಯಾರದು, ಎಷ್ಟರದು ಅಂತ ಹುಡುಗನ ಹತ್ತಿರ ನೇರವಾಗಿ ಮಾತಾಡು. ನಿಮ್ಮಪ್ಪ ಕೇಳಿದರೆ ಅದು ಬೀಗರ ಮಾತು, ನೀನು ಕೇಳಿದರೆ ನಿಮ್ಮಿಬ್ಬರ ಸಂಸಾರದ ಮಾತು. ಇಬ್ಬರೂ ಸಂಬಳ ತರೋರು. ಆರತಕ್ಷತೆ ಖರ್ಚು ನಾವಿಬ್ಬರೇ ನೋಡ್ಕೋತೀವಿ ಅಂತ ಅವರು ಅವರಪ್ಪನಿಗೆ ಹೇಳಿಬಿಟ್ಟರೆ ಅರ್ಧ ಗಂಟು ಬಿಚ್ಚುತ್ತೆ.

ಛತ್ರದ ಮ್ಯಾನೇಜರ್:
ಮಾವ ಹೇಳಿದ್ದು ಸರಿ. ನನ್ನ ಕಡೆಯಿಂದ ಒಂದಷ್ಟು. ಜನ ಮೊದಲು ಮುಹೂರ್ತ ಬರೆಸಿಕೊಂಡು ಆಮೇಲೆ ಛತ್ರ ಹುಡುಕ್ತಾರೆ, ಒಂದೇ ದಿನ ಹಿಡಿದುಕೊಂಡು ಬರ್ತಾರೆ, ಅದೇ ದಿನಕ್ಕೆ ಬೇರೆಯವರು ಆಗಲೇ ಅಡ್ವಾನ್ಸ್ ಕೊಟ್ಟಿರ್ತಾರೆ. ಪುರೋಹಿತರ ಹತ್ತಿರ ಮೂರ್ನಾಲ್ಕು ದಿನ ಬರೆಸಿಕೊಳ್ಳಿ, ಅದರಲ್ಲಿ ಒಂದೆರಡು ವಾರದ ಮಧ್ಯದವು ಇರಲಿ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಮುಹೂರ್ತ, ಅಂದರೆ ಛತ್ರ ಎರಡು ದಿನಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ ಶನಿವಾರ-ಭಾನುವಾರ ಎಲ್ಲಕ್ಕಿಂತ ಮೊದಲು ಹೋಗುತ್ತೆ. ವೈಶಾಖದ ಒಳ್ಳೆ ದಿನ ಈಗ ಕೇಳಿದರೆ ಸಿಗೋದು ಕಷ್ಟ. ಕಾರ್ತಿಕಕ್ಕೆ ಈಗಿಂದ ಹೋದರೆ ಆಯ್ಕೆ ಇರುತ್ತೆ.

ಅಡ್ವಾನ್ಸ್ ಕೊಡುವಾಗ ದಿನ ಬದಲಾದರೆ ಏನು ಅಂತ ರಸೀದಿಯ ಮೇಲೇ ಬರೆಸಿ. ಬಾಡಿಗೆ ಒಂದು ಹೇಳಿ ಕರೆಂಟು, ಜನರೇಟರ್ ಡೀಸೆಲ್, ಕ್ಲೀನಿಂಗ್, ಪಾತ್ರೆ ಅಂತ ಕೊನೆಗೆ ಬೇರೆ ಬಿಲ್ ಹಾಕೋರು ಜಾಸ್ತಿ. ನಮ್ಮಲ್ಲೂ ಹಾಕ್ತೀವಿ, ಮೊದಲೇ ಹೇಳಿ ಹಾಕ್ತೀವಿ ಅಷ್ಟೇ.

ಕೊಪ್ಪದ ಹುಡುಗ:
ಇಷ್ಟೆಲ್ಲ ಯಾಕೆ? ಮಂತ್ರ ಮಾಂಗಲ್ಯ ಮಾಡಿಕೊಳ್ಳಿ. ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಯನ್ನೇ 1966ರಲ್ಲಿ ಹಾಗೆ ಮಾಡಿಸಿದರು. ರಾಹುಕಾಲ ಇಲ್ಲ, ಆಷಾಢ ಇಲ್ಲ, ಹತ್ತಿರದವರು ಇದ್ದರೆ ಸಾಕು.

ಒಗ್ಗರಣೆ ಅಕ್ಕ:
ಒಳ್ಳೇದೇ, ಆದರೆ ಸೊಸೆ ಹೊಸ ಮನೆಗೇ ಬರಬೇಕು ಅನ್ನೋ ಅತ್ತೆ ಅದಕ್ಕೆ ಒಪ್ಪಬೇಕಲ್ಲಪ್ಪ. ಇನ್ನೊಂದು ವಿಷಯ ಟೀಚರ್, ವರ್ಗಾವಣೆಗೋಸ್ಕರ ಮೊದಲೇ ರಿಜಿಸ್ಟರ್ ಮಾಡಿಸಿಬಿಡೋಣ ಅಂತ ಯಾರಾದರೂ ಹೇಳಬಹುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರ ಪ್ರಕಾರ ಮದುವೆ ಆದ ಮೇಲೆಯೇ ನೋಂದಣಿ. ಮದುವೆ ಆಗದೆ ನೇರವಾಗಿ ಸಬ್ ರಿಜಿಸ್ಟ್ರಾರ್ ಮುಂದೆ ಹೋಗೋದಾದರೆ ವಿಶೇಷ ವಿವಾಹ ಕಾಯ್ದೆ. ಅದಕ್ಕೆ 30 ದಿನದ ನೋಟಿಸ್, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ. ಹಿರಿಯರಿಗೆ ಹೇಳದೆ ಹೋದರೆ ಯಾರೋ ನೋಡಿ ಮನೆಗೆ ಸುದ್ದಿ ಮುಟ್ಟಿಸ್ತಾರೆ, ಆಮೇಲೆ ರಾದ್ಧಾಂತ.

ಅರಸೀಕೆರೆ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅವರ ಹತ್ತಿರ ದುಡ್ಡಿನ ವಿಷಯ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಪ್ಪಿಕೊಂಡರು. ಗುಬ್ಬಿ ಮಾವ ಹೇಳಿದ್ದೇ ನಿಜ, ಕೊನೆ ಕಂತು ಬಂದಿಲ್ಲ, ಅವರಪ್ಪ ಕೈಸಾಲಕ್ಕೆ ಓಡಾಡುತ್ತಿದ್ದಾರಂತೆ. ಆರತಕ್ಷತೆ ಖರ್ಚು ನಮ್ಮಿಬ್ಬರದು ಅಂತ ಮಾತಾಯಿತು. ನಾವಿಬ್ಬರೂ ಮನೆಗೆ ಹಿರಿಯರೇ, ಹಾಗಾಗಿ ಜ್ಯೇಷ್ಠ ಬಿಟ್ಟೆವು. ಕಾರ್ತಿಕದಲ್ಲಿ ದಿನ ಬರೆಸೋಕೆ ಭಾನುವಾರ ಅವರ ತಂದೆಯೇ ನಮ್ಮ ಮನೆಗೆ ಬರುತ್ತಾರಂತೆ. ಅತ್ತೆಗೆ ಇನ್ನೂ ಮನಸ್ಸಿಲ್ಲ. ನೆಲಕ್ಕೆ ಟೈಲ್ಸ್ ಆದರೂ ಆಗಿರಬೇಕು ಅಂತಿದ್ದಾರೆ.

ಗುಬ್ಬಿ ಮಾವ:
ಆಗುತ್ತೆ ಬಿಡು. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮಾರನೇ ದಿನದಿಂದ ಅತ್ತೆಯೇ ಮೇಸ್ತ್ರಿಗೆ ಫೋನ್ ಮಾಡಿ ಮಾಡಿ ಕರೆಸ್ತಾರೆ. ತುಮಕೂರಲ್ಲಾದರೆ ಊಟಕ್ಕೆ ನನ್ನನ್ನೂ ಕರಿ.