ರಗ್ಬಿ ಲೀಗ್ ಆಟಗಾರನ ವೃತ್ತಿಜೀವನ: ಕಬಡ್ಡಿ ಆಡುವ ಹುಡುಗನಿಗೆ ಏನು ಹೇಳಲಿ?

ಬಂಗಾರಪೇಟೆ ಪಿಟಿ ಮೇಷ್ಟ್ರು (ಪ್ರಶ್ನೆ):

ನಾನು ಬಂಗಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮಲ್ಲಿ ಓದಿ ಈಗ ಪಿಯುಸಿಯಲ್ಲಿರುವ ಹುಡುಗನೊಬ್ಬ ಒಳ್ಳೆಯ ಕಬಡ್ಡಿ ರೈಡರ್. ಮೈಕಟ್ಟು ಗಿಡ್ಡ, ಆದರೆ ಕಾಲು ಬಲು ಚುರುಕು. ಇಬ್ಬರು ಸೇರಿ ಹಿಡಿದರೂ ಸೊಂಟ ತಿರುಗಿಸಿ ಜಾರಿಕೊಳ್ಳುತ್ತಾನೆ. ಕೆಲವು ತಿಂಗಳಿಂದ ಆಸ್ಟ್ರೇಲಿಯಾದ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್) ಪಂದ್ಯಗಳನ್ನು ಮೊಬೈಲಿನಲ್ಲಿ ನೋಡಿ, ಆಡಿದರೆ ರಗ್ಬಿ ಲೀಗೇ ಆಡುತ್ತೇನೆ, ಅದರಲ್ಲೇ ಬದುಕು ಕಟ್ಟಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅವನ ತಂದೆ ಮಾರಿಕುಪ್ಪಂ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿ ದುಡಿದು ಬರುವವರು. ಮಗನಿಗೆ ಬುದ್ಧಿ ಹೇಳಿ ಎಂದು ನನ್ನಲ್ಲಿಗೆ ಬಂದಿದ್ದರು. ಹುಡುಗನ ಆಸೆಗೆ ತಣ್ಣೀರೆರಚುವ ಇಚ್ಛೆ ನನಗಿಲ್ಲ. ಸುಳ್ಳು ಭರವಸೆ ಕೊಡಲೂ ಮನಸ್ಸು ಒಪ್ಪುತ್ತಿಲ್ಲ. ಆ ಆಟಗಾರರ ವೃತ್ತಿಜೀವನ ನಿಜವಾಗಿ ಹೇಗಿರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಲಾರದ ಹಳೆಯ ಓದುಗ:

ಕೆಲಸದ ನಿಮಿತ್ತ ಕೆಲವು ವರ್ಷ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಇದ್ದ ಕಾರಣ ಈ ಆಟವನ್ನು ಹತ್ತಿರದಿಂದ ನೋಡಿದ್ದೇನೆ. ಇದು ಹುಟ್ಟಿದ್ದೇ ಕೂಲಿಯ ಪ್ರಶ್ನೆಯಿಂದ. ಶನಿವಾರ ಪಂದ್ಯ ಆಡಲು ಹೋದ ಗಣಿ ಕಾರ್ಮಿಕನಿಗೆ, ಗಿರಣಿ ಕಾರ್ಮಿಕನಿಗೆ ಆ ದಿನದ ಸಂಬಳ ತಪ್ಪುತ್ತಿತ್ತು. ಆ ನಷ್ಟ ತುಂಬಿಕೊಡಲು ಲಂಡನ್ನಿನ ರಗ್ಬಿ ಆಡಳಿತ ಒಪ್ಪದೆ ಹೋದಾಗ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಸಭೆ ಸೇರಿ ಬೇರೆಯಾದವು. 1898ರಲ್ಲಿ ಆಟಗಾರನಿಗೆ ಸಂಬಳ ಕೊಡಲು ಅನುಮತಿ ಸಿಕ್ಕಿತಾದರೂ, ಅವನಿಗೆ ಆಟದ ಹೊರಗೆ ಒಂದು ಖಾಯಂ ಉದ್ಯೋಗ ಇರಲೇಬೇಕೆಂಬ ಷರತ್ತೂ ಜೊತೆಗೇ ಬಂತು. ಚಿನ್ನದ ಗಣಿಯನ್ನು ನಂಬಿ ಬದುಕಿ, 2001ರಲ್ಲಿ ಅದು ಮುಚ್ಚಿದ್ದನ್ನೂ ಕಂಡ ನಮ್ಮ ಕೆಜಿಎಫ್‌ನವರಿಗೆ ಈ ಷರತ್ತಿನ ಹಿಂದಿನ ಎಚ್ಚರ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ಆ ಷರತ್ತು ಹೋಗಿ ಶತಮಾನವೇ ಕಳೆದಿದೆ, ಆದರೆ ಸ್ಥಿತಿ ಪೂರ್ತಿ ಬದಲಾಗಿಲ್ಲ. 1996ರಲ್ಲಿ ಆರಂಭವಾದ, ಅಲ್ಲಿನ ಅತಿ ಮೇಲಿನ ಹಂತವಾದ ಸೂಪರ್ ಲೀಗ್‌ನ ಆಟಗಾರರು ಬಹುತೇಕ ಪೂರ್ಣಾವಧಿ ವೃತ್ತಿಪರರು. ಅದರ ಕೆಳಗಿನ ಹಂತಗಳಲ್ಲಿ ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರೇ ಹೆಚ್ಚು. ಮೇಲಿನ ಹಂತಕ್ಕೆ ಬಂದವರು ಸಾಮಾನ್ಯವಾಗಿ ಹದಿಹರೆಯದಲ್ಲೇ ಕ್ಲಬ್‌ನ ಅಕಾಡೆಮಿ ಸೇರಿರುತ್ತಾರೆ, ಅದಕ್ಕೂ ಮೊದಲು ಊರಿನ ಹವ್ಯಾಸಿ ಕ್ಲಬ್‌ನಲ್ಲಿ ಚಿಕ್ಕಂದಿನಿಂದ ಆಡಿರುತ್ತಾರೆ. ನಿಮ್ಮ ಹುಡುಗನಿಗೆ ದೊಡ್ಡ ಅಡ್ಡಿ ಇದೇ ಹೊರತು ಅವನ ಎತ್ತರವಲ್ಲ.

ಎತ್ತರದ ವಿಷಯಕ್ಕೆ ಅವನಿಗೆ ಲೀಡ್ಸ್ ರೈನೋಸ್ ತಂಡದ ರಾಬ್ ಬರೋ ಅವರ ಆಟವನ್ನು ತೋರಿಸಿ. 5 ಅಡಿ 5 ಅಂಗುಲದ ಮನುಷ್ಯ. 2001ರಿಂದ 2017ರವರೆಗೆ ಒಂದೇ ಕ್ಲಬ್‌ಗೆ ಆಡಿ ಎಂಟು ಬಾರಿ ಸೂಪರ್ ಲೀಗ್ ಪ್ರಶಸ್ತಿ ಗೆದ್ದರು. 2011ರ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ ಹಿಡಿಯಲು ಬಂದವರ ತೋಳಿನ ಕೆಳಗೆ ಬಾಗಿ ನುಸುಳಿ, ಕೊನೆಯವನನ್ನು ಒಂದೇ ಹೆಜ್ಜೆಯಲ್ಲಿ ವಂಚಿಸಿ ಅವರು ಗಳಿಸಿದ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿ ಅಂಕ ಪಡೆಯುವುದು) ಅನ್ನು ಕಬಡ್ಡಿ ರೈಡರ್ ಒಬ್ಬ ನೋಡಲೇಬೇಕು. ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಅವರು 2024ರಲ್ಲಿ, ತಮ್ಮ 41ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಚಿಕ್ಕಬಳ್ಳಾಪುರ ಫಿಸಿಯೋ:

ಮೇಲಿನವರ ಮಾತೆಲ್ಲ ಒಪ್ಪುತ್ತೇನೆ, ಆದರೆ ದೇಹ ತೆರುವ ಬೆಲೆಯ ಬಗ್ಗೆ ಹುಡುಗನಿಗೂ ತಂದೆಗೂ ಬಿಡಿಸಿ ಹೇಳಬೇಕು. ತಂಡಕ್ಕೆ 13 ಜನ, 80 ನಿಮಿಷದ ಆಟ. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿದರೆ ಅವನು ಎದ್ದು ನಿಂತು, ಪಾದದಿಂದ ಚೆಂಡನ್ನು ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಬೇಕು. ಹೀಗೆ ಆರು ಟ್ಯಾಕಲ್‌ವರೆಗೆ (ಟ್ಯಾಕಲ್ ಎಂದರೆ ಹೀಗೆ ಹಿಡಿದು ಕೆಡವುವುದು) ಅವಕಾಶ. ಪ್ರತಿ ಟ್ಯಾಕಲ್ ಆದಮೇಲೆ ಎದುರಾಳಿಗಳು ಹತ್ತು ಮೀಟರ್ ಹಿಂದೆ ಸರಿದು, ಮತ್ತೆ ಓಡಿ ಬಂದು ಡಿಕ್ಕಿ ಹೊಡೆಯುತ್ತಾರೆ. ಈ ಡಿಕ್ಕಿಯ ವೇಗವೇ ಕಬಡ್ಡಿಯ ಹಿಡಿತಕ್ಕೂ ಇದಕ್ಕೂ ಇರುವ ವ್ಯತ್ಯಾಸ.

ಸಿಡ್ನಿ ರೂಸ್ಟರ್ಸ್ ತಂಡದ ಬಾಯ್ಡ್ ಕಾರ್ಡ್ನರ್ ಆಸ್ಟ್ರೇಲಿಯಾದ ನಾಯಕರಾಗಿದ್ದವರು, ಮೂರು ಬಾರಿ ಎನ್‌ಆರ್‌ಎಲ್ ಪ್ರಶಸ್ತಿ ಗೆದ್ದವರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದ ಕಾರಣ 2021ರಲ್ಲಿ 29ನೆಯ ವಯಸ್ಸಿಗೇ ಆಟ ಬಿಡಬೇಕಾಯಿತು. ನ್ಯೂಕ್ಯಾಸಲ್ ನೈಟ್ಸ್‌ನ ಅಲೆಕ್ಸ್ ಮೆಕಿನನ್ 2014ರಲ್ಲಿ ಒಂದೇ ಒಂದು ಟ್ಯಾಕಲ್‌ನಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದರು. ಇನ್ನೊಂದೆಡೆ ಕ್ಯಾಮರಾನ್ ಸ್ಮಿತ್ ಅವರಂತೆ 430 ಎನ್‌ಆರ್‌ಎಲ್ ಪಂದ್ಯ ಆಡಿದವರೂ ಇದ್ದಾರೆ ನಿಜ, ಆದರೆ ಅಂಥ ದೀರ್ಘಾಯುಷ್ಯವನ್ನು ಲೆಕ್ಕಕ್ಕಿಟ್ಟು ಯಾರೂ ಬದುಕಿನ ಯೋಜನೆ ಹಾಕಬಾರದು. ಓದು ಅಥವಾ ಒಂದು ಕಸುಬು ಕೈಯಲ್ಲಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಬರ್ಟ್‌ಸನ್‌ಪೇಟೆ ಸೆವೆನ್ಸ್:

ನಾನು ಬೆಂಗಳೂರಿನಲ್ಲಿ ಏಳು ಜನರ ರಗ್ಬಿ ಆಡಿದವನು. ನಮ್ಮ ದೇಶದಲ್ಲಿ ಬೇರೂರಿರುವುದು ರಗ್ಬಿ ಯೂನಿಯನ್ (1895ರಲ್ಲಿ ಲೀಗ್ ಯಾವುದರಿಂದ ಬೇರೆಯಾಯಿತೋ ಆ ಆಟ), ಅದರಲ್ಲೂ ಏಳು ಜನರ ಸೆವೆನ್ಸ್. ಲೀಗ್ ಆಡಿ ಸಂಬಳ ಪಡೆಯುವ ದಾರಿ ಸದ್ಯಕ್ಕೆ ಇಲ್ಲಿಲ್ಲ. ಸೆವೆನ್ಸ್ 2016ರಿಂದ ಒಲಿಂಪಿಕ್ಸ್‌ನಲ್ಲಿದೆ, ನಮ್ಮ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಆಡಿಸುತ್ತಾರೆ. 2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನ (ಹೆಸರಲ್ಲಿ ಲೀಗ್ ಇದ್ದರೂ ಇದು ಸೆವೆನ್ಸ್ ಪಂದ್ಯಾವಳಿ) ಆರು ತಂಡಗಳಲ್ಲಿ ಬೆಂಗಳೂರಿನದೂ ಒಂದು. ಹುಡುಗ ಅಲ್ಲಿಂದ ಶುರುಮಾಡಲಿ, ಕಬಡ್ಡಿಯನ್ನೂ ಬಿಡದಿರಲಿ. ಓಡುವುದು, ತಪ್ಪಿಸಿಕೊಳ್ಳುವುದು, ಹಿಡಿಯುವುದು ಎರಡು ಆಟಕ್ಕೂ ಬೇಕು.

ಬಂಗಾರಪೇಟೆ ಪಿಟಿ ಮೇಷ್ಟ್ರು:

ಎಲ್ಲರಿಗೂ ಧನ್ಯವಾದಗಳು. ತಂದೆ-ಮಗ ಇಬ್ಬರನ್ನೂ ಕೂರಿಸಿಕೊಂಡು ಇದನ್ನೆಲ್ಲ ಓದಿಸುತ್ತೇನೆ. ಇನ್ನೊಂದು ಪ್ರಶ್ನೆ: ಚೆಂಡು ಸಿಗುವವರೆಗೆ ಶಾಲೆಯ ಮಣ್ಣಿನ ಅಂಗಳದಲ್ಲಿ ನಾನು ಅವನಿಗೆ ಮೊದಲು ಏನು ಕಲಿಸಬಹುದು?

ರಾಬರ್ಟ್‌ಸನ್‌ಪೇಟೆ ಸೆವೆನ್ಸ್:

ಟ್ಯಾಕಲ್ ಮಾಡುವಾಗ ತಲೆ ಎಲ್ಲಿರಬೇಕೆಂಬುದನ್ನು ಕಲಿಸಿ. ಕಬಡ್ಡಿಯವರು ಪಾದಕ್ಕೆ ಕೈ ಹಾಕುವ ಭರದಲ್ಲಿ ತಲೆ ತಗ್ಗಿಸಿ ನೆಲ ನೋಡುತ್ತಾರೆ; ಓಡಿ ಬರುವವನ ಮೊಣಕಾಲು ನೇರ ಹಣೆಗೆ ಬಡಿಯುವುದು ಆಗಲೇ. ಕಣ್ಣು ಮೇಲಿರಲಿ, ಬೆನ್ನು ನೇರವಿರಲಿ, ಭುಜ ಅವನ ತೊಡೆಗೆ ತಾಗಲಿ, ಕೆನ್ನೆ ಅವನ ಪೃಷ್ಠದ ಬದಿಗೆ ಒತ್ತಿಕೊಂಡು ತಲೆ ಹಿಂಭಾಗದಲ್ಲಿರಲಿ, ಎಂದಿಗೂ ಅವನ ಮುಂದೆ ಹೋಗಬಾರದು. ಮೊದಲು ಇಬ್ಬರೂ ಮೊಣಕಾಲೂರಿ, ಆಮೇಲೆ ನಡೆಯುತ್ತಾ ಅಭ್ಯಾಸ ಮಾಡಿಸಿ. ಗಟ್ಟಿ ಮಣ್ಣಿನ ಮೇಲೆ ಬೇಡ, ಕಬಡ್ಡಿ ಮ್ಯಾಟ್ ಇದ್ದರೆ ಅದನ್ನೇ ಹಾಸಿ. ಎಡ ಭುಜ, ಬಲ ಭುಜ ಎರಡರಲ್ಲೂ ಇದು ತಪ್ಪಿಲ್ಲದೆ ಬರುವ ತನಕ ಓಡುತ್ತಾ ಟ್ಯಾಕಲ್ ಮಾಡಲು ಬಿಡಬೇಡಿ.