ಎಂಟನೇ ತರಗತಿಯಲ್ಲಿ ಒಪ್ಪಿಗೆಯ ಪಾಠ: ಅಧ್ಯಾಪಕರು, ಹೆತ್ತವರು ಮತ್ತು ವಕೀಲರ ನಡುವಿನ ಪ್ರಶ್ನೋತ್ತರ

ಪ್ರಶ್ನೆ (ಅಧ್ಯಾಪಿಕೆ, ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆ): ವಕೀಲರಿಗೆ ನಮಸ್ಕಾರ. ಎಂಟನೇ ತರಗತಿಯ ಮಕ್ಕಳಿಗೆ ಒಪ್ಪಿಗೆ, ದೇಹದ ಮೇಲಿನ ಹಕ್ಕು ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಬಗ್ಗೆ ತರಗತಿ ತೆಗೆದುಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿದೆ. ಕಳೆದ ವರ್ಷ ಹೊರಗಿನಿಂದ ಬಂದವರೊಬ್ಬರು ಕಾಯ್ದೆಯ ಕಲಂಗಳನ್ನೂ ಶಿಕ್ಷೆಯ ವರ್ಷಗಳನ್ನೂ ಓದಿ ಹೇಳಿ ಹೋದರು. ಆಮೇಲೆ ಮಕ್ಕಳು ಪರಸ್ಪರ "ಪೋಕ್ಸೋ ಹಾಕಿಸುತ್ತೇನೆ ನೋಡು" ಎಂದು ತಮಾಷೆ ಮಾಡತೊಡಗಿದರು. ಹದಿನೆಂಟು ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದ ಮೇಲೆ ಹದಿಮೂರರ ಮಕ್ಕಳಿಗೆ ಒಪ್ಪಿಗೆಯನ್ನು ಕಲಿಸುವುದಾದರೂ ಹೇಗೆ?

ಉತ್ತರ (ವಕೀಲೆ, ಕಾಸರಗೋಡು): ಟೀಚರ್, ನಿಮ್ಮ ಸಂದೇಹ ನ್ಯಾಯವಾದುದೇ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ವರ್ಷ ತುಂಬದ ಪ್ರತಿಯೊಬ್ಬರೂ ಮಗುವೇ, ಆ ಮಗು ಹುಡುಗನಿರಲಿ ಹುಡುಗಿಯಿರಲಿ. ಲೈಂಗಿಕ ವಿಷಯದಲ್ಲಿ "ಮಗು ಒಪ್ಪಿತ್ತು" ಎಂಬ ಮಾತನ್ನು ಆರೋಪಿಯು ರಕ್ಷಣೆಯಾಗಿ ಮುಂದಿಡುವಂತಿಲ್ಲ. ಈ ನಿಯಮದ ಭಾರವಿರುವುದು ದೊಡ್ಡವರ ಮೇಲೆ. ಮಗುವಿಗೆ ಅದರಿಂದ ತಿಳಿಯಬೇಕಾದುದು, ಏನೇ ನಡೆದಿದ್ದರೂ, ತಾನು ಸುಮ್ಮನಿದ್ದಿದ್ದರೂ, ಉಡುಗೊರೆ ತೆಗೆದುಕೊಂಡಿದ್ದರೂ, ತಪ್ಪು ತನ್ನದಲ್ಲ ಎಂಬುದು. ಮೊದಲ ಭಾಗದಲ್ಲಿ ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಸಾಕು, ಶಿಕ್ಷೆಯ ಪಟ್ಟಿ ಬೇಡ.

ಉಳಿದ ಸಮಯವನ್ನು ಲೈಂಗಿಕವಲ್ಲದ ದಿನನಿತ್ಯದ ಸಂಗತಿಗಳಿಗೆ ಕೊಡಿ. ಇನ್ನೊಬ್ಬರ ಮೊಬೈಲನ್ನು ಕೇಳದೆ ತೆರೆಯುವುದು, ಗೆಳತಿಯ ಫೋಟೋವನ್ನು ಅವಳಿಗೆ ತಿಳಿಸದೆ ವಾಟ್ಸಾಪ್ ಗುಂಪಿಗೆ ಹಾಕುವುದು, ಬೇಡವೆಂದರೂ ಕಚಗುಳಿಯಿಡುವುದು, ಬೆಂಚಿನಲ್ಲಿ ಮೈಮೇಲೆ ಒರಗುವುದು ಇವೆಲ್ಲವೂ ಒಪ್ಪಿಗೆಯ ಪಾಠಗಳೇ. "ಬೇಡ" ಎನ್ನಲು ನಾವು ಮಕ್ಕಳಿಗೆ ಹೇಗೋ ಕಲಿಸುತ್ತೇವೆ. "ಬೇಡ" ಎಂಬುದನ್ನು ಕೇಳಿಸಿಕೊಂಡವರು ಮುಂದೇನು ಮಾಡಬೇಕೆಂದು ಕಲಿಸುವವರು ಕಡಿಮೆ. ಶಾಲಾ ಕಲೋತ್ಸವದ ದಿನ ಹುಡುಗನೊಬ್ಬ ಸಹಪಾಠಿಯೊಡನೆ ಸೆಲ್ಫಿ ತೆಗೆಯಲು ಕೇಳುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಅವನು ಎರಡನೇ ಸಲ ಕೇಳಬಹುದೇ, ಗೆಳೆಯರ ಮೂಲಕ ಹೇಳಿಸಬಹುದೇ, ಸಿಟ್ಟು ಮಾಡಿಕೊಂಡು ಮಾತು ಬಿಡಬಹುದೇ ಎಂದು ಮಕ್ಕಳ ಬಾಯಿಂದಲೇ ಉತ್ತರ ಬರಿಸಿ. ಒಮ್ಮೆ ಒಪ್ಪಿದವರು ಆಮೇಲೆ ಮನಸ್ಸು ಬದಲಿಸಬಹುದೇ ಎಂಬ ಪ್ರಶ್ನೆಗೆ ತರಗತಿ ಎರಡಾಗುವುದನ್ನು ನಾನು ಕಂಡಿದ್ದೇನೆ. ಆ ಚರ್ಚೆಗೆ ಸಾಕಷ್ಟು ಸಮಯ ಕೊಡಿ.

"ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ" ಎಂಬ ವಿಂಗಡಣೆ ಅಂಗನವಾಡಿಯ ಮಕ್ಕಳಿಗೆ ಹೊಂದೀತು, ಈ ವಯಸ್ಸಿನವರಿಗೆ ಅದು ಸಾಲದು. ದುರುದ್ದೇಶವುಳ್ಳವನು ಮೊದಲು ಹಿತವಾಗಿಯೇ ಹತ್ತಿರವಾಗುತ್ತಾನೆ, ಮೊಬೈಲ್ ರೀಚಾರ್ಜ್ ಮಾಡಿಸಿಕೊಡುತ್ತಾನೆ, "ಮನೆಯಲ್ಲಿ ಹೇಳಬೇಡ" ಎನ್ನುತ್ತಾನೆ. ಆದುದರಿಂದ ಯಾರಾದರೂ ಗುಟ್ಟಾಗಿಡಲು ಹೇಳಿದರೆ ಅದನ್ನೇ ಎಚ್ಚರಿಕೆಯ ಗುರುತಾಗಿ ಕಲಿಸುವುದು ಹೆಚ್ಚು ಉಪಯುಕ್ತ. ಜೊತೆಗೆ ಅಗತ್ಯವಾದ ಸ್ಪರ್ಶಗಳೂ ಇವೆ ಎಂಬುದನ್ನು ಮರೆಯಬಾರದು. ನಮ್ಮ ಊರುಗಳಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿಗೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ತೊಡುವ ಜಾಗದಲ್ಲಿ, ದೊಡ್ಡವರೇ ವೇಷ ಕಟ್ಟಬೇಕಾಗುತ್ತದೆ. ಅಲ್ಲಿ ಏನು ಮಾಡುತ್ತೇನೆಂದು ಮೊದಲೇ ಹೇಳಿ, ನಾಲ್ಕು ಜನರ ಎದುರಿನಲ್ಲೇ ಕಟ್ಟುವುದು ಕ್ರಮ. ವೈದ್ಯರಿಗೂ ಆಟದ ತರಬೇತುದಾರರಿಗೂ ಇದೇ ಮಾತು ಸಲ್ಲುತ್ತದೆ.

ಪ್ರಶ್ನೆ (ಎಂಟನೇ ತರಗತಿಯ ಹುಡುಗನ ತಂದೆ, ಉಪ್ಪಳ): ಮೇಡಂ, ಇದನ್ನು ಹುಡುಗಿಯರಿಗೆ ಮಾತ್ರ ಹೇಳಿದರೆ ಸಾಲದೇ? ನನ್ನ ಮಗ ಕಾನೂನು, ಪೊಲೀಸ್ ಎಂದರೆ ಹೆದರುವ ಸ್ವಭಾವದವನು.

ಉತ್ತರ: ಸಾಲದು. ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ, ಮತ್ತು ಅವರು ನಾಚಿಕೆಯಿಂದ ಬಾಯಿ ಬಿಡುವುದು ಇನ್ನೂ ಕಡಿಮೆ. ಇನ್ನೊಂದು ಮಗ್ಗುಲನ್ನೂ ನೀವು ತಿಳಿದಿರಬೇಕು. ಸಹಪಾಠಿಯ ಖಾಸಗಿ ಚಿತ್ರವೊಂದು ಕೈಗೆ ಬಂದಾಗ ಅದನ್ನು ತಮಾಷೆಗೆಂದು ಮುಂದಕ್ಕೆ ಕಳುಹಿಸಿದ ಹುಡುಗನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗಬಹುದು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚುವುದನ್ನಷ್ಟೇ ಅಲ್ಲ, ಹುಡುಕಿ ನೋಡುವುದನ್ನೂ ಸಂಗ್ರಹಿಸುವುದನ್ನೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಪರಾಧವೆಂದು ಹೇಳುತ್ತದೆ. ಮೊದಲ ಸಲದ ಅಪರಾಧಕ್ಕೇ ವಯಸ್ಕರಿಗೆ ಐದು ವರ್ಷದವರೆಗೆ ಸೆರೆ ಮತ್ತು ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ. ಮಗನನ್ನು ಹೆದರಿಸುವುದು ಬೇಡ. ಅಂಥದ್ದೇನಾದರೂ ಬಂದರೆ ಯಾರಿಗೂ ಕಳುಹಿಸದೆ ತಕ್ಷಣ ನಿಮಗೆ ತೋರಿಸಬೇಕು ಎಂದು ಹೇಳಿ, ಮತ್ತು ತೋರಿಸಿದ ದಿನ ಅವನ ಮೊಬೈಲ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಎರಡನೇ ಸಲ ಅವನು ನಿಮಗೆ ಹೇಳಲಾರ.

ಪ್ರಶ್ನೆ (ನಿವೃತ್ತ ಮುಖ್ಯೋಪಾಧ್ಯಾಯರು, ಮುಳ್ಳೇರಿಯ): ಇಂಥ ಪಾಠಗಳಿಂದ ಮಕ್ಕಳು ಮಾವ, ದೊಡ್ಡಪ್ಪ, ನೆರೆಹೊರೆಯವರೆಲ್ಲರನ್ನೂ ಸಂಶಯದಿಂದ ನೋಡುವಂತಾಗುವುದಿಲ್ಲವೇ? ಮದುವೆ, ಪೂಜೆಗಳಲ್ಲಿ ಮಕ್ಕಳನ್ನು ಅಪ್ಪಿ ಮುದ್ದಿಸುವುದು ನಮ್ಮಲ್ಲಿ ಹಿಂದಿನಿಂದಲೂ ಇರುವ ರೂಢಿ.

ಉತ್ತರ: ಮಾಸ್ತರೇ, ನಿಮ್ಮ ಆತಂಕ ಅರ್ಥವಾಗುತ್ತದೆ; ಆದರೆ ನ್ಯಾಯಾಲಯಕ್ಕೆ ಬರುವ ಹೆಚ್ಚಿನ ಪ್ರಕರಣಗಳಲ್ಲಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುತ್ತಾನೆ ಎಂಬುದನ್ನು ಬದಿಗಿಡಲಾಗದು. ಹಿರಿಯರಿಗೆ ಕೈಮುಗಿಯುವುದರಲ್ಲಿ ಗೌರವ ಪೂರ್ತಿಯಾಗಿಯೇ ಇದೆ. ಮಗು ಹಿಂಜರಿದಾಗ "ಅವಳಿಗೆ ಬೇಡವಂತೆ, ಬಿಡಿ" ಎಂದು ಹೆತ್ತವರು ನಗುತ್ತಲೇ ಹೇಳಿದರೆ ಯಾರ ಮೇಲೂ ಸಂಶಯ ಹೊರಿಸಿದಂತಾಗುವುದಿಲ್ಲ. ನಿಜವಾದ ಪ್ರೀತಿಯುಳ್ಳ ಮಾವನಿಗೆ ಅದರಿಂದ ಬೇಸರವಾಗಲಾರದು.

ಪ್ರಶ್ನೆ (ಮೊದಲಿನ ಅಧ್ಯಾಪಿಕೆ): ತರಗತಿ ಮುಗಿದ ಬಳಿಕ ಮಗುವೊಂದು ಬಂದು "ಟೀಚರ್, ಯಾರಿಗೂ ಹೇಳಬಾರದು" ಎಂದು ಮಾತು ತೆಗೆದರೆ ನಾನು ಏನು ಮಾಡಬೇಕು? ದೂರು ಸುಳ್ಳಾಗಿದ್ದರೆ ನನ್ನ ಗತಿಯೇನು?

ಉತ್ತರ: ತರಗತಿ ತೆಗೆದುಕೊಳ್ಳುವ ಮೊದಲೇ ಇದಕ್ಕೆ ಸಿದ್ಧರಾಗಿರಿ, ಏಕೆಂದರೆ ಇಂಥ ಪಾಠದ ನಂತರ ಒಂದು ಮಗುವಾದರೂ ಬರುವ ಸಾಧ್ಯತೆಯಿದೆ. ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ಪೋಕ್ಸೋ ಕಾಯ್ದೆಯ 19ನೇ ಕಲಂನಂತೆ, ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ, ತಮ್ಮ ಅಧೀನದಲ್ಲಿರುವವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆಮನೆ ಶಿಕ್ಷೆಯಾಗಬಹುದು. ಎರಡೂ ಮನೆಯವರನ್ನು ಕೂರಿಸಿ ಶಾಲೆಯೊಳಗೇ ರಾಜಿ ಮಾಡಿಸುವ ಅಧಿಕಾರ ಮುಖ್ಯೋಪಾಧ್ಯಾಯರಿಗೂ ಇಲ್ಲ, ರಕ್ಷಕ-ಶಿಕ್ಷಕ ಸಂಘಕ್ಕೂ ಇಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ, ಅದು ಆಮೇಲೆ ಸಾಬೀತಾಗದಿದ್ದರೂ, ಯಾವ ಹೊಣೆಯೂ ಬರುವುದಿಲ್ಲ. ಸುಳ್ಳು ಮಾಹಿತಿ ಕೊಟ್ಟ ಮಗುವಿಗೂ ಶಿಕ್ಷೆಯಿಲ್ಲ.

ಮಗುವನ್ನು ಪಾಟೀಸವಾಲಿಗೆ ಒಳಪಡಿಸಬೇಡಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ, ತುಳುವಾದರೆ ತುಳು, ಮಲಯಾಳವಾದರೆ ಮಲಯಾಳ, ಹವ್ಯಕ ಕನ್ನಡವಾದರೆ ಹಾಗೆಯೇ, ದಿನಾಂಕ ಸಹಿತ ಬರೆದಿಡಿ. ನಮ್ಮ ಗಡಿಯ ಮಕ್ಕಳಿಗೆ ಠಾಣೆಯ ಭಾಷೆಯೂ ಒಂದು ಭಯ. ಪೊಲೀಸರು ಬರೆದುಕೊಳ್ಳುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಮತ್ತು ಅವರು ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಹುಡುಗಿಯ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ನಡೆಸಬೇಕು. ಶಾಲೆಯಲ್ಲಿ ಕೌನ್ಸಿಲರ್ ಇದ್ದರೆ ಅವರನ್ನು ಮೊದಲ ದಿನದಿಂದಲೇ ಜೊತೆಗಿರಿಸಿಕೊಳ್ಳಿ. 1098 ಸಹಾಯವಾಣಿಗೆ ಮಗು ತಾನೇ ಕರೆ ಮಾಡಬಹುದು, ಆ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಬರೆಸಿ. ಸ್ಟಾಫ್ ರೂಮಿನಲ್ಲಿ ಮಗುವಿನ ಹೆಸರು ಕೇಳಿಬರಬಾರದು.

ಪ್ರಶ್ನೆ (ತಾಯಿ, ಮಂಜೇಶ್ವರ): ನಮ್ಮ ಮಗಳು ತಲಪಾಡಿ ದಾಟಿ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅಲ್ಲೇನಾದರೂ ಆದರೆ ಇಲ್ಲಿನ ಠಾಣೆಯಲ್ಲಿ ದೂರು ತೆಗೆದುಕೊಳ್ಳುತ್ತಾರೆಯೇ?

ಉತ್ತರ: ತೆಗೆದುಕೊಳ್ಳಬೇಕು. ಪೋಕ್ಸೋ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಂತೆ, ಇಂಥ ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕಾಗುತ್ತದೆ. ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. "ಅದು ಕರ್ನಾಟಕದ ವಿಷಯ, ಅಲ್ಲಿಗೇ ಹೋಗಿ" ಎಂದು ಯಾರಾದರೂ ಹೇಳಿದರೆ ಹಿಂತಿರುಗಬೇಡಿ. ದೂರನ್ನು ಬರಹದಲ್ಲಿ ಕೊಟ್ಟು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆದುಕೊಳ್ಳಿ.