ಪಿಸ್ಟನ್ ರಾಡ್‌ಗೂ ಪೈಪ್ ಹ್ಯಾಂಡಲ್‌ಗೂ ಒಂದೇ ಕ್ರೋಮ್ ನಡೆಯುತ್ತಾ? (ಭೋಸರಿ, ಪುಣೆ)

ಪ್ರೆಸ್‌ಶಾಪ್_ಭೋಸರಿ:

ಎಲ್ಲರಿಗೂ ನಮಸ್ಕಾರ. ಎರಡು ಕೆಲಸ ಒಟ್ಟಿಗೆ ಕ್ರೋಮ್‌ಗೆ ಕೊಡಬೇಕಿದೆ.

ಒಂದು, ಹೈಡ್ರಾಲಿಕ್ ಪ್ರೆಸ್ಸಿನ ಪಿಸ್ಟನ್ ರಾಡ್. ಇಎನ್8 ಉಕ್ಕು, ಹಾರ್ಡನಿಂಗ್ ಇಲ್ಲ, 40 ಎಂಎಂ ವ್ಯಾಸ, ಕ್ರೋಮ್ ಬೇಕಾದ ಉದ್ದ 600 ಎಂಎಂ, ಡ್ರಾಯಿಂಗ್‌ನಲ್ಲಿ ಎಫ್7 (ವ್ಯಾಸ ಎಷ್ಟರೊಳಗೆ ಇರಬೇಕು ಅನ್ನುವ ಮಿತಿ) ಅಂತಿದೆ. ಹಿಂದೆ ಬಫಿಂಗ್ ಮಾಡುವ ಅಂಗಡಿಯಲ್ಲೇ ಕ್ರೋಮ್ ಮಾಡಿಸಿದ್ದು. ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆಲವೇ ತಿಂಗಳಲ್ಲಿ ಸೀಲ್ ಓಡಾಡುವ ಕಡೆ ಹಳದಿ ಪಟ್ಟೆ ಬಿತ್ತು, ಆಮೇಲೆ ಉದ್ದುದ್ದ ಗೀರು, ಈಗ ಎಣ್ಣೆ ಸೋರುತ್ತಿದೆ.

ಎರಡು, 25 ಎಂಎಂ ಎಂಎಸ್ (ಮೆದು ಉಕ್ಕು) ಪೈಪಿನ ಹ್ಯಾಂಡಲ್, 80 ನಗ. ಗಿರಾಕಿ ಮುಂಬೈ ವರ್ಸೋವಾದವರು, ಸಮುದ್ರದ ಗಾಳಿ ನೇರ ಬಡಿಯುವ ಜಾಗ. "ಎಲ್ಲಕ್ಕೂ ಹಾರ್ಡ್ ಕ್ರೋಮೇ ಹಾಕಿಸಿ, ಗಟ್ಟಿ ಬರುತ್ತೆ" ಅಂತಿದ್ದಾರೆ. ಸರಿನಾ? ಚಲನ್ ಮೇಲೆ ಏನಂತ ಬರೆದು ಕೊಡಲಿ?

ಟ್ಯಾಂಕ್‌ಲೈನ್_ಚಿಂಚವಡ:

ಹಳದಿ ಪಟ್ಟೆ ಅಂದಿರಲ್ಲ ಸರ್, ಅದು ನಿಕಲ್. ನಿಮ್ಮ ರಾಡ್‌ಗೆ ಆಗಿದ್ದು ಡೆಕೊರೇಟಿವ್ ಕ್ರೋಮ್, ಅಂದರೆ ಹೊಳಪಿಗೆ ಹಾಕುವಂಥದ್ದು. ಅದರಲ್ಲಿ ಕ್ರೋಮ್ ಇರುವುದೇ 0.2ರಿಂದ 0.5 ಮೈಕ್ರಾನ್ (ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಭಾಗ). ಹೊಳಪು ಬರುವುದು, ತುಕ್ಕು ತಡೆಯುವುದು ಎಲ್ಲ ಕೆಳಗಿನ ನಿಕಲ್‌ನಿಂದ. ಮೇಲಿನ ಕ್ರೋಮ್ ಆ ನಿಕಲ್ ಮಂಕಾಗದಂತೆ ಕಾಯುತ್ತದೆ, ನೀಲಿ ಛಾಯೆ ಕೊಡುತ್ತದೆ, ಅಷ್ಟೇ. ಸೀಲ್ ಆ ಅರ್ಧ ಮೈಕ್ರಾನ್ ಸವೆಸಿ ಹಾಕಿದ ಮೇಲೆ ನಿಕಲ್ ಮೇಲೆ ಉಜ್ಜಿದೆ, ಗೀರು ಬಿದ್ದಿದೆ.

ಹಾರ್ಡ್ ಕ್ರೋಮ್‌ನಲ್ಲಿ ಸಾಮಾನ್ಯವಾಗಿ ನಿಕಲ್ ಇರುವುದಿಲ್ಲ, ಉಕ್ಕಿನ ಮೇಲೆ ನೇರವಾಗಿ ಕೂರುತ್ತದೆ. ರಾಡ್‌ಗೆ 20–25 ಮೈಕ್ರಾನ್ ಸಾಕು. ಸವೆದ ಭಾಗ ತುಂಬಿಸುವುದಾದರೆ 200–300ರ ತನಕವೂ ಹೋಗುತ್ತಾರೆ. ಗಡಸುತನ 850ರಿಂದ 1000 ವಿಕರ್ಸ್.

ದ್ರಾವಣ ಎರಡಕ್ಕೂ ಹೆಚ್ಚುಕಡಿಮೆ ಒಂದೇ: ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫ್ಯೂರಿಕ್. ಹಾಗಾಗಿಯೇ "ನಮ್ಮ ಟ್ಯಾಂಕ್‌ನಲ್ಲೇ ಆಗುತ್ತೆ" ಅಂತ ಬಫಿಂಗ್ ಅಂಗಡಿಯವರು ಧೈರ್ಯವಾಗಿ ಹೇಳುವುದು. ಬೇರೆಯಾಗುವುದು ಬಿಸಿ, ಕರೆಂಟು, ಸಮಯ. ಡೆಕೊರೇಟಿವ್‌ಗೆ 40–45 ಡಿಗ್ರಿ, ಚದರ ಡೆಸಿಮೀಟರಿಗೆ 10–15 ಆಂಪಿಯರ್, ಎರಡು ಮೂರು ನಿಮಿಷ. ಹಾರ್ಡ್‌ಗೆ 55 ಡಿಗ್ರಿ ಆಸುಪಾಸು, 30–60 ಆಂಪಿಯರ್, ಗಂಟೆಗಟ್ಟಲೆ. ಕೊಟ್ಟ ಕರೆಂಟಿನಲ್ಲಿ ಶೇ. 12–20 ಮಾತ್ರ ಕ್ರೋಮ್ ಆಗುತ್ತದೆ, ಉಳಿದದ್ದು ಬಹುಪಾಲು ಹೈಡ್ರೋಜನ್ ಗುಳ್ಳೆಯಾಗಿ ಹೋಗುತ್ತದೆ.

ನಿಮ್ಮ ರಾಡ್ ಲೆಕ್ಕ: 40 ಎಂಎಂ ವ್ಯಾಸ, 600 ಎಂಎಂ ಉದ್ದಕ್ಕೆ ಸುಮಾರು 7.5 ಚದರ ಡೆಸಿಮೀಟರ್. 40 ಆಂಪಿಯರ್‌ನಂತೆ 300 ಆಂಪಿಯರ್ ಬೇಕು, ಗಂಟೆಗೆ 25 ಮೈಕ್ರಾನ್ ಹತ್ತಿರ ಕೂರುತ್ತದೆ. "ಅರ್ಧ ಗಂಟೆಯಲ್ಲಿ 40 ಮೈಕ್ರಾನ್ ಕೊಡ್ತೀನಿ" ಅನ್ನುವವರ ಹತ್ತಿರ ಬಿಡಬೇಡಿ.

ಇನ್ನೆರಡು ವಿಷಯ ಕೇಳಿ ತಿಳಿದುಕೊಳ್ಳಿ. ಶುರುವಿನಲ್ಲಿ 30–60 ಸೆಕೆಂಡ್ ರಿವರ್ಸ್ ಎಚಿಂಗ್ (ಕರೆಂಟ್ ತಿರುಗಿಸಿ ಉಕ್ಕಿನ ಮೈ ಕೊಂಚ ಕೊರೆಯುವುದು) ಕೊಡ್ತಾರಾ? ಅದು ತಪ್ಪಿದರೆ ಸಿಪ್ಪೆ ಏಳುತ್ತದೆ. ನಡುವೆ ಕರೆಂಟ್ ಹೋದರೆ ಏನು ಮಾಡ್ತಾರೆ? ಕ್ರೋಮ್ ಮೇಲೆ ಸುಮ್ಮನೆ ಮತ್ತೆ ಕ್ರೋಮ್ ಶುರು ಮಾಡಿದರೆ ಎರಡು ಪದರವಾಗಿ ಬಿಟ್ಟುಕೊಳ್ಳುತ್ತದೆ. ಗುರುವಾರ ಕರೆಂಟ್ ತೆಗೆಯುವ ಏರಿಯಾ ಆದರೆ ಬುಧವಾರ ಸಂಜೆ ರಾಡ್ ಕೊಡಲೇಬೇಡಿ.

ಗಡಸು ಉಕ್ಕಿಗೆ (ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 40 ಎಚ್‌ಆರ್‌ಸಿ ದಾಟಿದ್ದಕ್ಕೆ) ಪ್ಲೇಟಿಂಗ್ ಆದ ನಾಲ್ಕು ಗಂಟೆಯೊಳಗೆ ಓವನ್‌ಗೆ ಹಾಕಿ 190–220 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಕಿಂಗ್ ಮಾಡಬೇಕು, ಇಲ್ಲದಿದ್ದರೆ ಒಳಗೆ ಸೇರಿದ ಹೈಡ್ರೋಜನ್‌ನಿಂದ ಸಿಡಿಯಬಹುದು. ಟೆಂಪರಿಂಗ್ ತಾಪಮಾನ ಮಾತ್ರ ದಾಟಬಾರದು. ನಿಮ್ಮದು ಹಾರ್ಡನಿಂಗ್ ಇಲ್ಲದ ಇಎನ್8, ಇದು ಬೇಕಿಲ್ಲ.

ಗ್ರೈಂಡಿಂಗ್_ಮಾಸ್ತರ:

ರಾಡ್ ಕಳಿಸೂಕಿಂತ ಮೊದಲ ಸೈಜಿನ ಲೆಕ್ಕ ಹಾಕ್ರಿ. ಮಂದಿ ಎಡವೂದು ಅಲ್ಲೇ.

40 ಎಫ್7 ಅಂದ್ರ 39.950ರಿಂದ 39.975. ನೀವು 39.960 ಹಿಡೀರಿ. ಕಡೀಕ ಒಂದು ಬಾಜೂಕ 25 ಮೈಕ್ರಾನ್ ಉಳೀಬೇಕಂದ್ರ ಪ್ಲೇಟಿಂಗಿನ ಮೊದಲ ರಾಡ್ 39.910 ಇರಬೇಕು. ಬಾಜೂಕ 45 ಮೈಕ್ರಾನ್ ಕೂಡಸಾಕ ಹೇಳ್ರಿ, 40.000 ಆಗಿ ವಾಪಸ್ ಬರತೈತಿ. ಅದರಾಗ ವ್ಯಾಸದ ಮ್ಯಾಲೆ 40 ಮೈಕ್ರಾನ್ ಗ್ರೈಂಡ್ ಮಾಡಿದ್ರ 39.960. "25 ಮೈಕ್ರಾನ್" ಅಂತ ಅಷ್ಟ ಬರದ್ರ ಕೆಲವರು ವ್ಯಾಸದ ಮ್ಯಾಲೆ 25 ಹಿಡೀತಾರ. "ಒಂದು ಬದಿಗೆ, ಗ್ರೈಂಡಿಂಗ್ ನಂತರ" ಅಂತ ಬರೀರಿ.

ಹಳೇ ನಿಕಲ್ ಇಟಗೊಂಡು ಅದರ ಮ್ಯಾಲೆ ಹಾರ್ಡ್ ಕ್ರೋಮ್ ಹಚ್ಚಸಬ್ಯಾಡ್ರಿ, ಹಿಡಿಯಂಗಿಲ್ಲ. ಈಗ ರಾಡ್ 39.970 ಇದ್ರ, 39.910ಕ್ಕ ತರೂದ್ರಾಗ ಬಾಜೂಕ 30 ಮೈಕ್ರಾನ್ ಹೋಗತೈತಿ. ನಿಕಲ್ ಜೋಡಿ ಸಣ್ಣ ಗೀರೂ ಹೋಗತಾವ. ಉಗುರಿಗೆ ಸಿಗೂವಂಥ ಗೀರು ಉಳದ್ರ ಇನ್ನೂ ಇಳಿಸಿ ಕ್ರೋಮ್ ಜಾಸ್ತಿ ಕೂಡಸಬೇಕು. ಕ್ರೋಮ್ ಗೀರು ಮುಚ್ಚಂಗಿಲ್ಲ, ಎತ್ತಿ ತೋರಸತೈತಿ. ಪ್ಲೇಟಿಂಗಿಗೆ ಹೋಗೂ ಮುಂದ ಆರ್‌ಎ (ಮೈಯ ಒರಟುತನದ ಅಳತಿ) 0.2–0.3 ಇರಲಿ.

ತುದಿಗೆ ಕರೆಂಟ್ ಜಾಸ್ತಿ ಎಳೀತೈತಿ, ಅಲ್ಲಿ ಕ್ರೋಮ್ ದಪ್ಪ ಆಗಿ ಗಂಟು ಗಂಟು ಬರತಾವ. ಎರಡೂ ಕಡೆ ಎಂಎಸ್ ರಿಂಗ್ ಏರಿಸಿ ಕಳಿಸ್ರಿ, ಆ ಹೆಚ್ಚಿನ ಕ್ರೋಮ್ ರಿಂಗಿನ ಮ್ಯಾಲೆ ಕೂಡ್ರತೈತಿ. ಚೂಪ ಅಂಚು ಬ್ಯಾಡ, ಅರ್ಧ ಎಂಎಂ ರೇಡಿಯಸ್ ಕೊಡ್ರಿ. ಗ್ರೈಂಡಿಂಗಿಗೆ ಮೆತ್ತನ್ನ ಅಲ್ಯೂಮಿನಿಯಂ ಆಕ್ಸೈಡ್ ವೀಲ್, ಕೂಲಂಟ್ ಧಾರಾಳ, ಪಾಸಿಗೆ 5 ಮೈಕ್ರಾನಿಗಿಂತ ಹೆಚ್ಚು ಬ್ಯಾಡ. ಅವಸರ ಮಾಡಿದ್ರ ಬಿಸಿಗೆ ಕ್ರೋಮ್ ಸೀಳತೈತಿ.

ಖರೇ ಹೇಳಬೇಕಂದ್ರ, 40 ಎಂಎಂ ರಾಡಿಗೆ ಇಷ್ಟೆಲ್ಲ ಯಾಕ್ರಿ? ಕ್ರೋಮ್ ಆದ ಎಫ್7 ಬಾರ್ ಮೀಟರ್ ಲೆಕ್ಕದಾಗ ರೆಡಿ ಸಿಗತೈತಿ. ತಂದು ತುದಿಗೆ ಥ್ರೆಡ್ ಮಾಡ್ಕೋರಿ. ಮೊದಲ ಕಟ್ ಕ್ರೋಮಿನ ಕೆಳಗ ಹೋಗೂವಂಗ ಕಾರ್ಬೈಡ್‌ಲೇ ತಗೋರಿ. ಐ ಬೋಲ್ಟ್ ವೆಲ್ಡ್ ಮಾಡೂದಿದ್ರ ಆ ಜಾಗದಾಗ ಕ್ರೋಮ್ ಪೂರಾ ತಗದ ಮಾಡ್ರಿ, ಹೊಗಿ ಭಾಳ ಕೆಟ್ಟದ್ದು.

ಪ್ರೆಸ್‌ಶಾಪ್_ಭೋಸರಿ:

ಮಾಸ್ತರ್, ರೆಡಿ ಬಾರ್ ವಿಚಾರ ಹೊಳೆದೇ ಇರಲಿಲ್ಲ, ಇವತ್ತೇ ರೇಟ್ ಕೇಳ್ತೀನಿ. ಹ್ಯಾಂಡಲ್ ವಿಷಯ ಹೇಳಿ. ಒಬ್ಬ ಪ್ಲೇಟರ್ ಸ್ಯಾಂಪಲ್ ಕೊಟ್ಟು, ಗೇಜ್ ಇಟ್ಟು "ನೋಡಿ, 20 ಮೈಕ್ರಾನ್ ಕ್ರೋಮ್" ಅಂದರು. ನಂಬಬಹುದಾ?

ನಿಕಲ್_ನಿಮಿಷ:

20 ಮೈಕ್ರಾನ್ ಕ್ರೋಮ್ ಇರಲಾರದು. ಆ ಮ್ಯಾಗ್ನೆಟಿಕ್ ಗೇಜ್ ಉಕ್ಕಿನ ಮೇಲಿನ ಹಾರ್ಡ್ ಕ್ರೋಮ್‌ಗೆ ಸರಿ. ನಿಕಲ್ ತಾನೇ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ, ಹಾಗಾಗಿ ನಿಕಲ್–ಕ್ರೋಮ್ ಪದರದ ಮೇಲೆ ಅದು ತೋರಿಸುವ ಅಂಕಿಗೆ ಅರ್ಥವಿಲ್ಲ. ಸ್ಯಾಂಪಲ್ ಕತ್ತರಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿಸಬೇಕು, ಇಲ್ಲವೇ ಎಕ್ಸ್‌ರೇ ಗೇಜ್ ಇರುವ ಲ್ಯಾಬ್‌ಗೆ ಕೊಡಬೇಕು.

ಅಷ್ಟು ಬೇಡ ಅಂದರೆ ಟ್ಯಾಂಕ್ ಹತ್ತಿರ ನಿಂತು ನಿಕಲ್‌ನ ನಿಮಿಷ ಎಣಿಸಿ. ಬ್ರೈಟ್ ನಿಕಲ್ ಚದರ ಡೆಸಿಮೀಟರಿಗೆ 4 ಆಂಪಿಯರ್‌ನಲ್ಲಿ ನಿಮಿಷಕ್ಕೆ 0.8 ಮೈಕ್ರಾನ್ ಕೂರುತ್ತದೆ. 20 ಮೈಕ್ರಾನ್‌ಗೆ 25 ನಿಮಿಷ. ಐದಾರು ನಿಮಿಷಕ್ಕೆ ಎತ್ತಿಬಿಟ್ಟರೆ 4–5 ಮೈಕ್ರಾನ್. ಕಣ್ಣಿಗೆ ಅದೂ ಅಷ್ಟೇ ಹೊಳೆಯುತ್ತದೆ, ಮೊದಲ ಮಳೆಗಾಲಕ್ಕೇ ಚುಕ್ಕೆ ಚುಕ್ಕೆ ತುಕ್ಕು. ರೇಟಿನ ವ್ಯತ್ಯಾಸ ಬಫಿಂಗ್ ಬಿಟ್ಟರೆ ಬಹುತೇಕ ಇಲ್ಲೇ ಇರುವುದು.

ಹ್ಯಾಂಡಲ್‌ಗೆ ಹಾರ್ಡ್ ಕ್ರೋಮ್ ಬೇಡವೇ ಬೇಡ. ಅದರ ಮೈತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ರಾಡ್‌ನಲ್ಲಿ ಎಣ್ಣೆ ಹಿಡಿದಿಡಲು ಅವೇ ಉಪಯೋಗ; ವರ್ಸೋವಾದ ಉಪ್ಪುಗಾಳಿಗೆ ಅವೇ ದಾರಿ. ಸಮುದ್ರದ ಹತ್ತಿರಕ್ಕೆ ಡ್ಯೂಪ್ಲೆಕ್ಸ್ ನಿಕಲ್ ಕೇಳಿ: ಕೆಳಗೆ ಗಂಧಕವಿಲ್ಲದ ಸೆಮಿ-ಬ್ರೈಟ್, ಮೇಲೆ ಬ್ರೈಟ್, ಒಟ್ಟು 30 ಮೈಕ್ರಾನ್. ಮೇಲಿನ ಪದರ ಅಡ್ಡಡ್ಡ ಸವೆಯುತ್ತಾ ಹೋಗುತ್ತದೆ, ಉಕ್ಕಿನ ತನಕ ತೂತು ಬೀಳುವುದು ತಡವಾಗುತ್ತದೆ. ಸ್ಯಾಂಪಲ್‌ನ ತೂತು ನೋಡಲು ಫೆರಾಕ್ಸಿಲ್ ಕಾಗದ ಒತ್ತಿ. ಎಲ್ಲಿ ಉಕ್ಕು ಬಯಲಾಗಿದೆಯೋ ಅಲ್ಲಿ ನೀಲಿ ಚುಕ್ಕೆ ಬರುತ್ತದೆ.

ಪೈಪ್ ಕೆಲಸದಲ್ಲಿ ಕೈಕೊಡುವುದು ಒಳಗಡೆ. ಒಳಮೈಗೆ ಪ್ಲೇಟಿಂಗ್ ಹತ್ತುವುದಿಲ್ಲ, ಆದರೆ ಆಸಿಡ್ ಹೋಗಿ ಕೂರುತ್ತದೆ, ವಾರವಾದ ಮೇಲೆ ವೆಲ್ಡ್ ಸಂದಿಯಿಂದ ಹಳದಿ ನೀರಾಗಿ ಇಳಿಯುತ್ತದೆ. ಗೋಡೆ ಕಡೆಯ ಮುಖದಲ್ಲಿ, ಎರಡೂ ತುದಿಗೆ, 6 ಎಂಎಂ ತೂತು ಕೊಟ್ಟು ಕಳಿಸಿ. ವೆಲ್ಡ್‌ನಲ್ಲಿ ಸೂಜಿರಂಧ್ರ ಇದ್ದರೆ ಮೊದಲೇ ತುಂಬಿಸಿ ಗ್ರೈಂಡ್ ಮಾಡಿ. ವಾಪಸ್ ಬಂದ ಮಾಲಿನಲ್ಲಿ ಅಂಚು ಬೂದು ಬಣ್ಣವಾಗಿದ್ದರೆ ಕರೆಂಟ್ ಜಾಸ್ತಿಯಾಗಿ ಸುಟ್ಟಿದೆ. ಮೂಲೆಯಲ್ಲಿ ಹಳದಿ ಉಳಿದಿದ್ದರೆ ಅಲ್ಲಿಗೆ ಕ್ರೋಮ್ ತಲುಪಿಲ್ಲ. ಹಾಲಿನಂಥ ಬಿಳಿ ಮಬ್ಬು ಇದ್ದರೆ ಸಾಮಾನ್ಯವಾಗಿ ನಿಕಲ್ ಆದ ಮೇಲೆ ಒಣಗಲು ಬಿಟ್ಟು ಆಮೇಲೆ ಕ್ರೋಮ್‌ಗೆ ಇಳಿಸಿದ್ದಾರೆ.

ಚಲನ್ ಮೇಲೆ: "ನಿಕಲ್–ಕ್ರೋಮ್, ಐಎಸ್ 1068, ಡ್ಯೂಪ್ಲೆಕ್ಸ್ ನಿಕಲ್ ಒಟ್ಟು 30 ಮೈಕ್ರಾನ್ ಕನಿಷ್ಠ, ಕ್ರೋಮ್ 0.3 ಮೈಕ್ರಾನ್". (ಐಎಸ್ ಅಂದರೆ ಭಾರತೀಯ ಮಾನಕ.) ಎಲ್ಲಿ ಕಡಿಮೆ ಕೂರುತ್ತದೋ ಆ ಒಳಬಾಗಿನಲ್ಲಿ ಅಳೆಯಬೇಕು ಅಂತಲೂ ಸೇರಿಸಿ. ಟ್ರೈವೇಲೆಂಟ್ ಕ್ರೋಮ್ (ಕ್ರೋಮಿಕ್ ಆಸಿಡ್ ಬಳಸದ ದ್ರಾವಣ) ಇದೆ ಅಂದರೆ ಹೆದರಬೇಡಿ, ಬಣ್ಣ ಕೊಂಚ ಗಾಢ. 80 ನಗವನ್ನೂ ಒಂದೇ ಬಗೆಯಲ್ಲಿ ಮಾಡಿಸಿ, ಬೆರೆಸಬೇಡಿ.

ಟ್ಯಾಂಕ್‌ಲೈನ್_ಚಿಂಚವಡ:

ರೆಡಿ ಬಾರ್ ಸಿಗದೆ ರಾಡನ್ನೇ ಕೊಡುವುದಾದರೆ: "ಹಾರ್ಡ್ ಕ್ರೋಮ್, ಐಎಸ್ 1337, ಒಂದು ಬದಿಗೆ 45 ಮೈಕ್ರಾನ್ ಕೂರಿಸಬೇಕು, ಗ್ರೈಂಡಿಂಗ್ ನಂತರ 25 ಉಳಿಯಬೇಕು, ನಿಕಲ್ ಬೇಡ, ಥ್ರೆಡ್ ಮಾಸ್ಕಿಂಗ್". ಥ್ರೆಡ್‌ಗೆ ಮಾಸ್ಕಿಂಗ್ (ಕ್ರೋಮ್ ಕೂರದಂತೆ ಮುಚ್ಚುವುದು) ಮರೆತರೆ ನಟ್ ಏರುವುದಿಲ್ಲ. ಡೈ ಹಾಕಿ ಬಿಡಿಸಲು ಹೋದರೆ ಡೈ ಹಲ್ಲೇ ಮುರಿಯುತ್ತದೆ. ಕಾಸ್ಟಿಕ್ ದ್ರಾವಣದಲ್ಲಿ ರಿವರ್ಸ್ ಕರೆಂಟ್ ಕೊಟ್ಟು ಕ್ರೋಮ್ ಬಿಡಿಸಬೇಕಾಗುತ್ತದೆ.

ಪ್ಲೇಟರ್ ಹತ್ತಿರ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ ಇದೆಯಾ ಅಂತಲೂ ನೋಡಿ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಕ್ ಆಸಿಡ್‌ನಲ್ಲಿರುವ ವಿಷಕಾರಿ ರೂಪ) ಲೀಟರಿಗೆ 0.1 ಮಿಲಿಗ್ರಾಂ ದಾಟುವಂತಿಲ್ಲ. ಟ್ರೀಟ್‌ಮೆಂಟ್ ಇಲ್ಲದೆ ನಡೆಸುವ ಅಂಗಡಿಗೆ ಯಾವತ್ತು ಬೀಗ ಬೀಳುತ್ತೋ, ಅವತ್ತು ನಿಮ್ಮ 80 ಹ್ಯಾಂಡಲ್ ಒಳಗೇ ಉಳಿಯುತ್ತವೆ.